ಜಯಧರನ ಬೀಜ

ಮುಂಡರಗಿಯಲ್ಲಿ ವ್ಯಾಕರಣಕ್ಕೆ ಬೆಲೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಒಂದೇ ಒಂದು 'ನ' ಅಕ್ಷರ ಬಾಯಿಂದ ಹೊರಗೆ ಬೀಳದೆ ಹೋದದ್ದಕ್ಕೆ ಶಿರಹಟ್ಟಿ, ಲಕ್ಷ್ಮೇಶ್ವರದಿಂದ ರೈತರು ಬಸ್ಸು ಹತ್ತಿ ಬಂದದ್ದನ್ನು, ಅವರ ಹಿಂದೆಯೇ ಸರ್ಕಾರವೂ ಜೀಪು ಹತ್ತಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವತ್ತು ನನ್ನ ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕು ರಿಮ್ ಕಾಗದ ಮುಗಿಯಿತು. ಹಾಗಾಗಿ ವ್ಯಾಕರಣದ ಮೇಲೆ ನನ್ನದೇನೂ ದೂರಿಲ್ಲ.

ನನ್ನ ಅಂಗಡಿಯ ಎಡಕ್ಕೆ ಮುದಕಪ್ಪನ ಬೀಜ-ಗೊಬ್ಬರದ ಅಂಗಡಿ. ಮುದಕಪ್ಪನ ಲೆಕ್ಕದಲ್ಲಿ ಈ ಜಗತ್ತಿನಲ್ಲಿ ಇರುವುದು ಎರಡೇ ಜಾತಿ: ಒಂದು ಜವಾರಿ, ಇನ್ನೊಂದು ಹೈಬ್ರಿಡ್. ಬದನೆಕಾಯಿ, ಕೋಳಿ, ಅಳಿಯ, ಅರ್ಚಕ, ಯಾರನ್ನು ಕಂಡರೂ ಮೊದಲು ತಳಿ ನೋಡುತ್ತಾನೆ. "ನಮ್ಮ ಅಜ್ಜ ಜವಾರಿ ಮನಷ್ಯಾ. ಎಂಬತ್ತಕ್ಕೂ ಕಡ್ಲಿ ಕಡೀತಿದ್ದ. ಈಗಿನ ಮಂದಿ ಎಲ್ಲಾ ಹೈಬ್ರಿಡ್, ಒಂದ ಮಳಿಗೆ ನೆಲಾ ಹಿಡೀತಾರ" ಎನ್ನುತ್ತಾನೆ. ಅಂಗಡಿಯಲ್ಲಿ ಅವನು ಮಾರುವುದು ಮಾತ್ರ ಅಪ್ಪಟ ಹೈಬ್ರಿಡ್ ಬೀಜ. ಸಿದ್ಧಾಂತ ಬೇರೆ, ವ್ಯಾಪಾರ ಬೇರೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಒಂದು ದಿನ ಬೀಜದ ಟೆಂಪೋದಲ್ಲಿ ಮುದಕಪ್ಪ ಒಂದು ಕಪ್ಪು ನಾಯಿಯನ್ನು ತಂದ. ಬೆಳೆದ ಗಂಡು ನಾಯಿ, ಉದ್ದ ಕಾಲು, ಎಡಗಿವಿಯ ತುದಿ ಇಲ್ಲ. ಡೋಣಿಯ ಹತ್ತಿರ ಕಪ್ಪತಗುಡ್ಡದ ಬುಡದಲ್ಲಿ ಸಿಕ್ಕಿತೆಂದೂ, ಇದು ನೂರಕ್ಕೆ ನೂರು ಬೇಟೆ ನಾಯಿಯ ಶುದ್ಧ ತಳಿಯೆಂದೂ, ತೋಳದ ಕೂಡ ಕಾದಾಡಿ ಕಿವಿ ಕಳಕೊಂಡಿದೆಯೆಂದೂ ಹೇಳಿದ. ಮರುವರ್ಷಕ್ಕೆ ಆ ತೋಳ ಬೆಳೆದು ಚಿರತೆಯಾಯಿತು. ಈ ವರ್ಷ ಹುಲಿಯಾಗುವ ಲಕ್ಷಣವಿತ್ತು, ಕಪ್ಪತಗುಡ್ಡದಲ್ಲಿ ಹುಲಿ ಇಲ್ಲ ಎಂದು ನಾನೇ ತಡೆದೆ.

ನಾಯಿಗೆ ಅವನಿಟ್ಟ ಹೆಸರು ಜಯಧರ. ಜಯಧರ ಎಂದರೆ ನಮ್ಮ ಎರೆ ಹೊಲಗಳ ಹಳೆಯ ಹತ್ತಿ. ಹೊಸ ಹತ್ತಿ ಬಂದ ಮೇಲೆ ಅದು ಮುದುಕರ ಬಾಯಲ್ಲಿ ಉಳಿದಷ್ಟು ಹೊಲದಲ್ಲಿ ಉಳಿಯಲಿಲ್ಲ. "ಹೆಸರು ಹೇಳಿದ್ರ ತಳಿ ತಿಳೀಬೇಕು" ಎಂದ ಮುದಕಪ್ಪ. ಆವತ್ತಿನಿಂದ ನಾಯಿಯ ಕೆಲಸಗಳನ್ನು ಗಂಡ ಹೆಂಡತಿ ನ್ಯಾಯವಾಗಿ ಹಂಚಿಕೊಂಡರು. ಅನ್ನ ಹಾಕುವುದು, ಮೈಮೇಲಿನ ಉಣ್ಣಿ ಹುಳ ಆರಿಸುವುದು, ವಾರಕ್ಕೊಮ್ಮೆ ಮೈ ತೊಳೆಯುವುದು ನೀಲಗಂಗವ್ವನ ಪಾಲಿಗೆ. ತಳಿಯನ್ನು ವರ್ಣಿಸುವುದು ಮುದಕಪ್ಪನ ಪಾಲಿಗೆ.

ಆದರೆ ಒಂದು ಮಾತು ಖರೆ ಹೇಳಬೇಕು. ಮುದಕಪ್ಪನಿಗೆ ಆ ನಾಯಿಯ ಮೇಲೆ ಜೀವ. ಅಂಗಡಿಯ ತೂಕದ ಯಂತ್ರದ ಮೇಲೆಯೇ ಜಯಧರ ಮಲಗುವುದು. ಬೆಳಿಗ್ಗೆ ಬಂದವನೇ ಮುದಕಪ್ಪ ದೇವರಿಗೆ ಊದಿನಕಡ್ಡಿ ಹಚ್ಚುವ ಮೊದಲು ಯಂತ್ರದ ಅಂಕಿ ನೋಡುತ್ತಿದ್ದ. "ಸುಭಾಷ, ಇವತ್ತ ಇನ್ನೂರ ಗ್ರಾಂ ಕಡಿಮಿ ಆಗ್ಯಾನ. ಏನೋ ಚಿಂತಿ ಹತ್ತೇತಿ ಅವಗ" ಎಂದು ನನಗೆ ವರದಿ ಒಪ್ಪಿಸುತ್ತಿದ್ದ. ಹೆಂಡತಿಗೆ ಜ್ವರ ಬಂದದ್ದನ್ನು ಇಷ್ಟು ಬೇಗ ಕಂಡುಹಿಡಿದದ್ದನ್ನು ನಾನು ಕಂಡಿಲ್ಲ.

ಈ ಶ್ರಾವಣದಲ್ಲಿ ತಂಟೆ ಶುರುವಾಯಿತು. ನಮ್ಮ ಓಣಿಯ ಹುಚ್ಚವ್ವನ ಮನೆಯ ಚಂಪಿ ಎಂಬ ಹೆಣ್ಣು ನಾಯಿ ಕಟ್ಟಿಗೆ ಒಟ್ಟಲಿನಲ್ಲಿ ಏಳು ಮರಿ ಹಾಕಿತು. ಹುಚ್ಚವ್ವನಿಗೆ ಎಪ್ಪತ್ತು ದಾಟಿದೆ, ಬಾಯಿಗೆ ಮಾತ್ರ ಇಪ್ಪತ್ತು. ಕಟ್ಟಿಗೆ ಮುಟ್ಟಲು ಹೋದರೆ ಚಂಪಿ ಕಚ್ಚಲು ಬರುತ್ತದೆ, ನೀರು ಕಾಯಿಸುವುದು ಹೇಗೆ?

"ಎಲ್ಲಾ ಆ ಮುದಕಪ್ಪನ ನಾಯಿದ ಕೆಲಸ!" ಎಂದು ಆಕೆ ನಡುಬೀದಿಯಲ್ಲಿ ನಿಂತು ಸಾರಿದಳು.

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎನ್ನುತ್ತಿದ್ದರು. ಮುದಕಪ್ಪ ಎದೆ ಸೆಟೆಸಿ, "ಮತ್ತ ಯಾರದಿರ್ತೈತಿ ಆಯಿ? ಹಂಗ ಐತಿ ತಳಿ! ಬಿತ್ತಿದ್ದು ಏಳು, ನಾಟಿದ್ದು ಏಳು!" ಎಂದ. ಹೇಳಿ ಸುಮ್ಮನಾಗಲಿಲ್ಲ, ಶುದ್ಧ ತಳಿಯ ಮರಿ ಕೊಡುತ್ತೇನೆಂದು ಹನ್ನೊಂದು ಮಂದಿಗೆ ಮಾತು ಕೊಟ್ಟ. ಏಳು ಮರಿಯನ್ನು ಹನ್ನೊಂದು ಮಂದಿಗೆ ಹೇಗೆ ಹಂಚುತ್ತಿ ಎಂದು ಕೇಳಿದೆ. "ಮುಂದಿನ ಬೆಳಿ ಐತಲ್ಲೋ" ಎಂದ.

ಹುಚ್ಚವ್ವ ನನ್ನ ಅಂಗಡಿಗೇ ಬಂದು ಅರ್ಜಿ ಬರೆಸಿದಳು. ಹದಿನೈದು ದಿನದೊಳಗೆ ಸದರಿ ಜಯಧರ ಎಂಬ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕು, ತಪ್ಪಿದಲ್ಲಿ ಅದನ್ನು ತಂದಲ್ಲಿಗೇ, ಅಂದರೆ ಕಪ್ಪತಗುಡ್ಡಕ್ಕೇ, ಒಯ್ದು ಬಿಡಬೇಕು ಎಂದು ನಾನೇ ಟೈಪು ಮಾಡಿದೆ. ಇಪ್ಪತ್ತಮೂರು ಮಂದಿ ಸಹಿ ಹಾಕಿದರು, ನಾನೂ ಹಾಕಿದೆ. ನಮ್ಮ ಮನೆಯಲ್ಲೂ ಭೀಮ್ಯಾ ಎಂಬ ನಾಯಿ ಇದೆ. ಕಂದು ಮೈ, ಬಾಲದ ತುದಿಗೆ ಬಿಳಿ ಕೂದಲು, ಸಭ್ಯ ನಾಯಿ. ಅಂಥದ್ದು ಹಾಳಾಗಬಾರದಲ್ಲ! ಚಂಪಿಯ ಮರಿಗಳ ಬಣ್ಣದ ವಿಷಯವನ್ನು ಅರ್ಜಿಯಲ್ಲಿ ಬರೆಯಲಿಲ್ಲ. ಅರ್ಜಿಯಲ್ಲಿ ಬೇಡದ ವಿವರ ಇರಬಾರದು.

ಅರ್ಜಿ ಓದಿದ ಮುದಕಪ್ಪನ ಮುಖ ಬಾಡಿತು. ಜಯಧರನನ್ನು ಗುಡ್ಡಕ್ಕೆ ಬಿಡುವುದು ಆಗದ ಮಾತು. ಇನ್ನೊಂದು ದಾರಿ ನೆನೆದರೆ ಅವನು ಕುಂತಲ್ಲೇ ಕಾಲ ಮೇಲೆ ಕಾಲು ಹಾಕಿ ಬಿಗಿಯುತ್ತಿದ್ದ.

"ಸುಭಾಷ, ಮೂವತ್ತ ವರ್ಷ ಬೀಜ ಮಾರಿದ ಕೈಲೆ ಬೀಜ ತಗಸಬೇಕೇನೋ? ಗಂಡಾಗಿ ಹುಟ್ಟಿ ಇನ್ನೊಂದ ಗಂಡಿಗೆ ಇಂಥಾ ಕೆಲಸ ಮಾಡೂದ?"

"ಮಾಡಸಲಿಲ್ಲಂದ್ರ ಗುಡ್ಡಕ್ಕ ಬಿಡು" ಎಂದೆ.

"ಅಲ್ಲಿ ಚಿರತಿ ಐತಲ್ಲೋ!"

"ಈ ಮೊದ್ಲ ಚಿರತೀನ ಸೋಲಿಸ್ಯಾನಲ್ಲ?"

ಮುದಕಪ್ಪ ತೂಕದ ಯಂತ್ರದ ಮೇಲೆ ಮಲಗಿದ್ದ ಜಯಧರನ ತಲೆ ಸವರುತ್ತ ಬಹಳ ಹೊತ್ತು ಕುಳಿತ. ಹದಿಮೂರನೆಯ ದಿನ, ಗುರುವಾರ, ಮನಸ್ಸು ಗಟ್ಟಿ ಮಾಡಿಕೊಂಡು ಪಶು ಆಸ್ಪತ್ರೆಯ ಡಾಕ್ಟರು ಅಝೀಮರಿಗೆ ಫೋನು ಮಾಡಿದ.

ಮುದಕಪ್ಪ ಗುಟ್ಟಿನ ಮಾತಾಡುವಾಗಲೇ ಹೆಚ್ಚು ಒದರುತ್ತಾನೆ. ಬಾಯಿ ತುಂಬ ಎಲೆ-ಅಡಿಕೆ ಬೇರೆ. "ಜಯಧರನ ಬೀಜ" ಎಂದು ಹೇಳಬೇಕಾದ ಕಡೆ ಆ 'ನ' ಎಂಬ ಬಡಪಾಯಿ ಅಕ್ಷರ ಎಲೆಯ ರಸದ ಜೊತೆ ಗಂಟಲಿಗೆ ಇಳಿಯಿತು.

"ಹಲೋ, ಸಾಹೇಬ್ರ! ಜಯಧರ ಬೀಜ ಶನಿವಾರ ಒಂಬತ್ತಕ್ಕ ತಗಸೂದ ಖರೆ ಆತ್ರಿ! ಯಾರ ಮುಂದೂ ಹೇಳಬ್ಯಾಡ್ರಿ. ಹಿಂದಿನ ಬಾಗಲಾದಿಂದ ತರ್ತೀನಿ!"

ಅಂಗಡಿಯ ಮುಂದೆ ಡೋಣಿಯ ರೈತ ಹನಮಪ್ಪ ನಿಂತಿದ್ದ. ಅವನ ಕಿವಿ ನೆಟ್ಟಗಾದವು. ಅವನ ಅಪ್ಪ ಸಾಯುವತನಕ ಜಯಧರ ಹತ್ತಿಯ ಗುಣಗಾನ ಮಾಡಿ ಸತ್ತವನು.

"ಮುದಕಪ್ಪಣ್ಣ, ಖರೇನ ಜಯಧರ ಬೀಜ ತಗಸ್ತೀಯಾ?"

ಮುದಕಪ್ಪ ಬೆಚ್ಚಿಬಿದ್ದ. "ಕೇಳಿಸಿತೇನಲೇ? ಊರಾಗ ಹೇಳಬ್ಯಾಡಪಾ, ಮರ್ಯಾದಿ ಪ್ರಶ್ನೆ."

"ಹೇಳೂದಿಲ್ಲ ತಗೋ. ಎಷ್ಟದಾವು?"

"ಎಷ್ಟಿರ್ತಾವಲೇ ಹುಚ್ಚಾ? ಎರಡ!"

"ಎರಡ ಅಷ್ಟನ?" ಹನಮಪ್ಪ ಮನಸ್ಸಿನಲ್ಲಿ ಎರಡು ಚೀಲ ಕಂಡು ನಿರಾಶನಾದ. "ಹಂಗಾರ ಅದರಾಗ ನನಗೊಂದು ಇಡು. ಕೈ ಮುಗೀತೀನಿ."

"ನಿನಗ? ನೀ ಅದನ್ನ ತೊಗೊಂಡ ಏನ್ ಮಾಡ್ತೀಲೇ?"

"ಏನ್ ಮಾಡ್ತಾರ? ನಮ್ಮ ಡೋಣಿ ಹೊಲದಾಗ ಮಣ್ಣಿಗೆ ಹಾಕ್ತೀನಿ. ನಮ್ಮಪ್ಪನ ಆತ್ಮಕ್ಕ ಶಾಂತಿ ಸಿಗ್ತೈತಿ."

ಹನಮಪ್ಪನ ಅಪ್ಪನಿಗೂ ಇದಕ್ಕೂ ಏನು ಸಂಬಂಧ ಎಂದು ಮುದಕಪ್ಪ ಯೋಚಿಸಲಿಲ್ಲ. ನಾಯಿ ಹುಟ್ಟಿದ ಮಣ್ಣಿಗೇ ಅದರ ಅಂಶ ಸೇರಲಿ ಎಂದು ಡೋಣಿಯವನೊಬ್ಬ ಕೈಮುಗಿದು ಕೇಳುತ್ತಿದ್ದಾನೆ! ಮುದಕಪ್ಪನ ಕಣ್ಣಲ್ಲಿ ನೀರು ಬಂತು. "ನೀನ ಖರೆ ಮನಷ್ಯಾ ಹನಮಪ್ಪ. ಶನಿವಾರ ಬಾ. ಡಬ್ಬಿ ತೊಗೊಂಡ ಬಾ" ಎಂದ.

ಹನಮಪ್ಪ ಯಾರಿಗೂ ಹೇಳಲಿಲ್ಲ. ತನ್ನ ಮೊಬೈಲಿನ ಒಂದು ರೈತರ ಗುಂಪಿಗೆ ಮಾತ್ರ, ಅದೂ 'ಯಾರಿಗೂ ಹೇಳಬೇಡಿ' ಎಂಬ ಸೂಚನೆಯೊಂದಿಗೆ, ಕಳಿಸಿದ. ಆ ಗುಂಪಿನಲ್ಲಿದ್ದದ್ದು ಇನ್ನೂರ ನಲವತ್ತು ಮಂದಿ. ಡೋಣಿಯಲ್ಲಿ ಎರಡು ಚೀಲವಿದ್ದ ಬೀಜ ಶಿರಹಟ್ಟಿ ಮುಟ್ಟುವಷ್ಟರಲ್ಲಿ ಇಪ್ಪತ್ತು ಚೀಲವಾಯಿತು. ಲಕ್ಷ್ಮೇಶ್ವರಕ್ಕೆ ಹೋದಾಗ ಒಂದು ಲಾರಿ. ಮುಳಗುಂದದಲ್ಲಿ ಸರ್ಕಾರವೇ ಗುಟ್ಟಾಗಿ ಕೊಡುತ್ತಿದೆ, ಆಧಾರ್ ಮತ್ತು ಹೊಲದ ಉತಾರದ ಝೆರಾಕ್ಸ್ ಬೇಕು ಎಂಬಲ್ಲಿಗೆ ಬಂತು. ಈ ಕೊನೆಯ ಸಾಲನ್ನು ನಾನು ಸೇರಿಸಿದೆನೆಂದು ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಬಾಯಿ ಮುಚ್ಚಲಾದೀತೇ?

ಶನಿವಾರ ಆರು ಗಂಟೆಗೆ ನಾನು ಶಟರ್ ಎತ್ತಿದಾಗ ಮುದಕಪ್ಪನ ಅಂಗಡಿಯ ಹಿಂಬಾಗಿಲಿನಿಂದ ಬಸ್ ನಿಲ್ದಾಣದ ಕಡೆಗೆ ಚಪ್ಪಲಿಗಳ ಸಾಲು. ಮಂದಿ ಚಪ್ಪಲಿಯನ್ನು ಪಾಳಿಗೆ ಬಿಟ್ಟು ತಾವು ಚಹಾ ಕುಡಿಯಲು ಹೋಗಿದ್ದರು. ಎಲ್ಲಕ್ಕಿಂತ ಮುಂದೆ ಹುಚ್ಚವ್ವನ ಹವಾಯಿ ಚಪ್ಪಲಿ, ಅದರ ಪಕ್ಕದಲ್ಲಿ ಖುದ್ದು ಹುಚ್ಚವ್ವ.

"ಆಯಿ, ನಿನಗ ಯಾಕ ಬೀಜ?"

"ಹಿತ್ತಲದಾಗ ನಾಕ ಗಿಡಾ ಹಾಕ್ತೀನಿ. ದೇವರ ಬತ್ತಿ ಮಾಡಾಕ ಜವಾರಿ ಹತ್ತಿ ಬೇಕು. ಅರ್ಜಿ ಬ್ಯಾರೆ, ಹತ್ತಿ ಬ್ಯಾರೆ. ನೀ ನಿನ್ನ ಮಿಷನ್ ಚಾಲೂ ಮಾಡು."

ಮಿಷನ್ ಚಾಲೂ ಮಾಡಿದೆ. ಎಂಟರ ಹೊತ್ತಿಗೆ ಮುನ್ನೂರು ಮಂದಿ. ಇದು ಹತ್ತಿಯಲ್ಲ, ನಾಯಿ ಎಂದು ಹೇಳಬಹುದಿತ್ತು. ಆದರೆ ಕೈತುಂಬ ಕೆಲಸವಿರುವಾಗ ಮಾತಾಡುವುದು ನನ್ನ ಸ್ವಭಾವವಲ್ಲ.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮುದಕಪ್ಪ ಜಯಧರನಿಗೆ ಶಾಲು ಹೊದೆಸಿ, ಎತ್ತಿಕೊಂಡು, ಕಳ್ಳನ ಹಾಗೆ ಹಿಂಬಾಗಿಲು ತೆಗೆದ. ತೆಗೆದವನು ಹಾಗೇ ನಿಂತ. ಮುನ್ನೂರು ಮಂದಿ "ಬಂದ್ರು, ಬಂದ್ರು!" ಎಂದು ಎದ್ದರು.

ಮುದಕಪ್ಪ ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದ. "ಯಪ್ಪಾ... ಇಷ್ಟ ಮಂದಿ ಬಂದೀರಾ? ಇವನ ಸಲುವಾಗಿ?"

"ಮತ್ತ! ಇಂಥಾ ತಳಿ ಎಲ್ಲಿ ಸಿಗತೈತ್ರಿ ಈಗ!" ಎಂದು ಪಾಳಿಯಿಂದ ಒಬ್ಬರು ಕೂಗಿದರು.

ಮುದಕಪ್ಪ ಅಳುವುದೊಂದು ಬಾಕಿ. ಅಷ್ಟರಲ್ಲಿ ಜೀಪು ಬಂದು ನಿಂತಿತು. ಇಳಿದವರು ಕೃಷಿ ಅಧಿಕಾರಿ ನಾಗರತ್ನಾ ಮೇಡಂ. ಪರವಾನಗಿ ಇಲ್ಲದ ಬೀಜ ಗುಟ್ಟಾಗಿ ಮಾರಾಟವಾಗುತ್ತಿದೆ ಎಂದು ಅವರಿಗೆ ದೂರು ಹೋಗಿತ್ತು.

"ಮುದಕಪ್ಪನವರ, ಜಯಧರ ಬೀಜ ನಿಮ್ಮ ಹತ್ರ ಅದಾವಂತ. ಹೌದೋ ಅಲ್ಲೋ?"

"ಅದಾವ್ರಿ. ನನ್ನ ಹತ್ರ ಅಂದ್ರ... ನನ್ನವಲ್ರಿ ಮತ್ತ."

"ಸ್ಟಾಕ್ ರಜಿಸ್ಟರದಾಗ ಯಾಕ ಏರಿಸಿಲ್ಲ?"

ಮುದಕಪ್ಪ ನಾಚಿ ತಲೆ ತಗ್ಗಿಸಿದ. "ಇಂಥಾವು ರಜಿಸ್ಟರದಾಗ ಬರೀಬೇಕೇನ್ರಿ ಮೇಡಂ?"

"ಬರೀದ ಮತ್ತ? ಎಲ್ಲಿಂದ ಬಂದ್ವು?"

"ಹುಟ್ಟಿನಿಂದ ಬಂದಾವ್ರಿ."

ಮೇಡಂ ಮುಖ ಕೆಂಪಾಯಿತು. "ಚ್ಯಾಷ್ಟಿ ಮಾಡಬ್ಯಾಡ್ರಿ. ಮೊಳಕಿ ಪರೀಕ್ಷಾ ಮಾಡಿಸೀರೋ ಇಲ್ಲೋ?"

"ಪರೀಕ್ಷಾ ಯಾಕ್ರಿ? ಈ ಹುಚ್ಚವ್ವಾಯಿ ಕಟಗಿ ಒಟ್ಟಲದಾಗ ಹೋಗಿ ನೋಡ್ರಿ. ಏಳಕ್ಕ ಏಳೂ ಬಂದಾವು!"

"ಕಟಗಿ ಒಟ್ಟಲದಾಗ ಹತ್ತಿ ಬೆಳದೀರಾ?" ಎಂದು ಮೇಡಂ ಹುಚ್ಚವ್ವನ ಕಡೆ ತಿರುಗಿದರು.

"ನನ್ನ ಯಾಕ ಎಳೀತೀರಿ ಇದರಾಗ! ನಾ ಪಾಳಿಗೆ ನಿಂತಾಕಿ!" ಎಂದು ಹುಚ್ಚವ್ವ ಕೈಚೀಲ ಎದೆಗವಚಿಕೊಂಡಳು.

"ಮುಂದಿನ ಬಾಗಲಾ ಬಿಟ್ಟು ಹಿಂದಿನ ಬಾಗಲಾದಿಂದ ಯಾಕ ಸಾಗಸಾಕತ್ತೀರಿ, ಹೇಳ್ರಿ?"

"ಅವಗ ನಾಚಿಕಿ ಆಗಬಾರದಂತರೀ."

"ಯಾರಿಗೆ?"

"ಜಯಧರಗ."

ಮೇಡಂ ಕೈ ಚಾಚಿದರು. "ಕಾಗದ ಪತ್ರ ಏನರ ಐತೋ?" ಮುದಕಪ್ಪ ಹಿಂದಿನ ದಿನ ಆಸ್ಪತ್ರೆಯಲ್ಲಿ ಬರೆಸಿಕೊಂಡು ಬಂದಿದ್ದ ಚೀಟಿಯನ್ನು ಅಂಗಿಯ ಕಿಸೆಯಿಂದ ತೆಗೆದುಕೊಟ್ಟ. ಮೇಡಂ ಎಲ್ಲರಿಗೂ ಕೇಳುವಂತೆ ಓದಿದರು.

"ಹೆಸರು, ಜಯಧರ. ಬಣ್ಣ, ಕಪ್ಪು. ಲಿಂಗ, ಗಂಡು. ಕಾಲು... ನಾಲ್ಕು?"

ಅದೇ ವೇಳೆಗೆ ಶಾಲಿನೊಳಗಿಂದ ಜಯಧರ ತಲೆ ಹೊರಗೆ ಹಾಕಿ, ಸರ್ಕಾರದ ಮುಖವನ್ನು ಒಮ್ಮೆ ನೋಡಿ, ದೊಡ್ಡದಾಗಿ ಆಕಳಿಸಿತು.

ಎಲ್ಲರೂ ಒಟ್ಟಿಗೇ ದನಿ ಎತ್ತಿದರು. ಶಿರಹಟ್ಟಿಯವರು ಬಸ್ ಚಾರ್ಜಿನ ಮಾತೆತ್ತಿದರು. ಹನಮಪ್ಪ ತನ್ನ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ನೋಡಿದ, ನಾಯಿಯನ್ನು ನೋಡಿದ, ಡಬ್ಬಿಯನ್ನು ನಿಧಾನಕ್ಕೆ ಬೆನ್ನ ಹಿಂದೆ ಅಡಗಿಸಿದ. ಮೇಡಂ ಚೀಟಿ ಮಡಚಿ ಕೊಟ್ಟು, "ಇದು ನಮ್ಮ ಇಲಾಖೆಗೆ ಬರೂದಿಲ್ಲ" ಎಂದು ಜೀಪು ಹತ್ತಿದರು.

ಜನ ಮಾತ್ರ ಹೋಗಲಿಲ್ಲ. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದಕ್ಕಿಂತ ಅಭಿಪ್ರಾಯವನ್ನಾದರೂ ಕೊಟ್ಟು ಹೋಗೋಣ ಎಂದು ನಿಂತರು.

"ಇದು ಮಹಾ ಪಾಪ" ಎಂದು ತಲೆಗೆ ಪಟಕಾ ಸುತ್ತಿದ ಲಕ್ಷ್ಮೇಶ್ವರದ ಹಿರಿಯರು ಆರಂಭಿಸಿದರು. "ಗಂಡು ಜೀವದ ಗಂಡಸತನಾ ತಗೀಬಾರದು. ಏಳ ಜನ್ಮಕ್ಕೂ ಬಿಡೂದಿಲ್ಲ."

"ಹೋರಿಗೆ ಮಾಡಸ್ತೀವಲ್ರೀ?" ಎಂದ ಹನಮಪ್ಪ.

"ಹೋರಿ ಮಾತ ಬ್ಯಾರೆ. ಎತ್ತಾದ ಮ್ಯಾಲೆ ಹೊಲಾ ಹೊಡೀತೈತಿ. ನಮಗ ಉಪಯೋಗ ಆದ್ರ ಅದು ಪಾಪ ಅಲ್ಲ."

ಧರ್ಮಸೂಕ್ಷ್ಮ ಇಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳಿದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ. ಗಂಡಸರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಒಬ್ಬೊಬ್ಬರೂ ನಾಯಿಯ ಮುಂದೆ ಬಂದು ಚುಚ್ ಚುಚ್ ಎಂದು ನಾಲಗೆ ತುದಿಯಿಂದ ಮರುಗಿ ಹೋದರು. ಮುದಕಪ್ಪನ ಕಾಲು ಒಳಗೆ ತಿರುಗಿದವು. "ಹಂಗಾರ ಬ್ಯಾಡ ಅಂತೀರಾ?" ಎಂದು ಕೇಳಿದ.

ಆಗ ನೀಲಗಂಗವ್ವ ಹಿಂಬಾಗಿಲಿಗೆ ಬಂದಳು. ಕೈಯಲ್ಲಿ ಕಸಬರಿಗೆ ಇತ್ತು. ಬೀಸಲಿಲ್ಲ, ಹಿಡಿದಿದ್ದಳು ಅಷ್ಟೇ.

"ಇಪ್ಪತ್ತ ವರ್ಷದ ಹಿಂದ ಮಕ್ಕಳ ಸಾಕಂತ ಆಪರೇಷನ್ ಮಾಡೂ ಕ್ಯಾಂಪ್ ಆತು, ನೆನಪೈತೇನ್ರಿ ಯಾರಿಗರ? ಒಂದ ದಿನಕ್ಕ ಮೂವತ್ತ ಹೆಂಗಸರು. ಸಾಲಾಗಿ ಚಾಪಿ ಮ್ಯಾಲೆ ಮಲಗಿದ್ವಿ, ನಾ ಹದಿನೇಳನೇದಾಕಿ. ಅವತ್ತ ಮಹಾಪಾಪ ಅಂತ ಒಬ್ಬನರ ಗಂಡಸು ಬಂದು ಪಾಳಿ ಹಚ್ಚಿದ್ನೇನು? ನಮ್ಮ ಮನಿಯವರು ಹೊರಗ ಕುಂತು ಮಿರ್ಚಿ-ಮಂಡಕ್ಕಿ ತಿನ್ನಾಕತ್ತಿದ್ರು. ನಾಯಿ ಸಲುವಾಗಿ ಶಿರಹಟ್ಟಿಯಿಂದ ಬಂದೀರಿ! ಶರಣು ನಿಮಗ!"

ಪಟಕಾದ ಹಿರಿಯರಿಗೆ ಬಸ್ಸಿನ ವೇಳೆ ನೆನಪಾಯಿತು. ಎರಡು ನಿಮಿಷದಲ್ಲಿ ಚಪ್ಪಲಿಗಳೆಲ್ಲ ಯಜಮಾನರ ಕಾಲಿಗೆ ಸೇರಿದವು. ನೀಲಗಂಗವ್ವ ಗಂಡನಿಗೆ, "ನಡೀರಿ, ಕರಕೊಂಡ ಹೋಗ್ರಿ ದವಾಖಾನಿಗೆ" ಎಂದಳು. ಹೇಳುವಾಗ ಆಕೆಯ ತುಟಿಯ ಮೇಲೆ ಒಂದು ನಗೆ ಇತ್ತು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಮುದಕಪ್ಪನಿಗೆ ಒಬ್ಬನೇ ಹೋಗುವ ಧೈರ್ಯವಿಲ್ಲ, ನಾನು ಜೊತೆಗೆ ಹೋದೆ. ಡಾಕ್ಟರು ಅಝೀಮರು ಜಯಧರನನ್ನು ಮೇಜಿನ ಮೇಲೆ ನಿಲ್ಲಿಸಿ ಹಿಂದಿನಿಂದ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಮುದಕಪ್ಪ ಕಣ್ಣು ಮುಚ್ಚಿ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಮುದಕಪ್ಪನವರ, ಬೀಜ ಎಲ್ಲಿ ಅದಾವ್ರಿ?"

"ನೀವೂ ಅದನ್ನ ಕೇಳ್ತೀರಲ್ರೀ ಸಾಹೇಬ್ರ! ಮುಂಜಾನಿಂದ ಎಲ್ಲಾರೂ ಅದನ್ನ ಕೇಳಾಕತ್ತಾರ!"

"ತಿರುಗಿ ನೋಡ್ರಿ ಇಲ್ಲೆ. ಇದರದು ಆಗ್ಲೇ ಆಗೇತಿ. ವರ್ಷಗಟ್ಲೆ ಆತು."

ಮುದಕಪ್ಪ ತಿರುಗಿದ. ಎರಡು ವರ್ಷದಲ್ಲಿ ಮೊದಲ ಬಾರಿಗೆ ತನ್ನ ನಾಯಿಯನ್ನು ಹಿಂದಿನಿಂದ ನೋಡಿದ. ಅಲ್ಲಿ ಏನೂ ಇರಲಿಲ್ಲ.

ಡಾಕ್ಟರು ಎಡಗಿವಿ ಹಿಡಿದು ತೋರಿಸಿದರು. "ಬೀದಿನಾಯಿಗೆ ಆಪರೇಷನ್ ಮಾಡಿದ ಮ್ಯಾಲೆ ಗುರುತಿಗೆ ಕಿವಿ ತುದಿ ಕತ್ತರಿಸಿ ಬಿಡ್ತಾರ. ಇದು ಹೆಂಗ ಆತಂತ ಹೇಳಿದ್ರಿ ನೀವು?"

"ಚಿರತೀರಿ" ಎಂದ ಮುದಕಪ್ಪ, ತನಗೇ ಕೇಳದಷ್ಟು ಮೆಲ್ಲಗೆ.

"ಚಿರತಿ ಕತ್ರಿ ತೊಗೊಂಡ ಬಂದಿತ್ತೇನ್ರಿ? ಖರೆ ಹೇಳ್ರಿ, ಎಲ್ಲಿಂದ ತಂದ್ರಿ?"

"ಗದಗ ಬಸ್‌ಸ್ಟ್ಯಾಂಡ್ ಬಾಜೂಕ್ರಿ. ಮಿರ್ಚಿ ಅಂಗಡಿ ಮುಂದ ನಿಂತಿದ್ದ. ಅರ್ಧಾ ಮಿರ್ಚಿ ಹಾಕಿದೆ, ಬೆನ್ನಹತ್ತಿದ."

ಶುದ್ಧ ತಳಿ ಹೋಯಿತು, ಕಪ್ಪತಗುಡ್ಡ ಹೋಯಿತು, ಚಿರತೆ ಹೋಯಿತು, ಏಳು ಮರಿಗಳ ಅಪ್ಪನ ಪಟ್ಟವೂ ಹೋಯಿತು. ಮುದಕಪ್ಪ ಸ್ಟೂಲಿನ ಮೇಲೆ ಕುಳಿತ. ಜಯಧರ ಹೋಗಿ ಅವನ ಮೊಣಕಾಲ ಮೇಲೆ ಗದ್ದ ಇಟ್ಟಿತು. ಅದಕ್ಕೆ ತನ್ನ ತಳಿಯ ಬಗ್ಗೆ ಮೊದಲಿನಿಂದಲೂ ಯಾವ ಭ್ರಮೆ ಇರಲಿಲ್ಲ.

ನನಗೆ ಮಾತ್ರ ಬೇರೊಂದು ಲೆಕ್ಕ ಹತ್ತಿತು. ಜಯಧರ ಅಲ್ಲವೆಂದರೆ ಚಂಪಿಯ ಮರಿಗಳಿಗೆ ಅಪ್ಪ ಯಾರು? ಅವು ಕಂದು ಮೈಯವು. ಏಳರ ಬಾಲದ ತುದಿಯೂ ಬಿಳಿ.

"ಸಾಹೇಬ್ರ," ಮುದಕಪ್ಪ ಕೈಮುಗಿದ, "ನಿಮ್ಮ ಕಾಲ ಬೀಳ್ತೀನಿ. ಹೊರಗ ಹೇಳಬ್ಯಾಡ್ರಿ. ಒಂದ ಪಟ್ಟಿ ಸುತ್ತಿ ಕೊಡ್ರಿ. ಇವತ್ತ ಆತು ಅಂತ ತಿಳಕೊಳ್ಳಲಿ ಮಂದಿ. ಇಲ್ಲಿತನಕ ಗಂಡಸಾಗಿದ್ದ ಅಂತ ಹೆಸರರ ಉಳೀಲಿ ಅವಂದು."

ಪಾಪ ಮಾಡಿದೆ ಅಂತ ಊರೆಲ್ಲ ಬೈದರೂ ಅವನಿಗೆ ಚಿಂತೆಯಿಲ್ಲ, ನಾಯಿಯ ಗಂಡಸುತನಕ್ಕೆ ಕುಂದು ಬರಬಾರದು! ಡಾಕ್ಟರು ನನ್ನ ಮುಖ ನೋಡಿದರು.

"ಸುತ್ತಿಬಿಡ್ರಿ ಸಾಹೇಬ್ರ, ಬಡವಾ ಬದಕಲಿ" ಎಂದೆ ನಾನು. ಗೆಳೆಯನ ಮಾನಕ್ಕಾಗಿ ಇಷ್ಟೂ ಮಾಡದಿದ್ದರೆ ಹೇಗೆ?

ಪಟ್ಟಿ ಸುತ್ತಿಸಿಕೊಂಡು, ಕುತ್ತಿಗೆಗೆ ಬುಟ್ಟಿಯಂಥ ಪ್ಲಾಸ್ಟಿಕ್ ಪಟ್ಟಿ ಹಾಕಿಸಿಕೊಂಡು ಜಯಧರ ಊರು ಪ್ರವೇಶ ಮಾಡಿತು. ಗಂಡಸರು ದಾರಿ ಬಿಟ್ಟು ನಿಂತರು. ಹುಚ್ಚವ್ವ ಅರ್ಜಿಯನ್ನು ವಾಪಸು ತೆಗೆದುಕೊಂಡಳು. ಊರ ಕಣ್ಣಿಗೆ ಆಪರೇಷನ್ ಆದ ನಾಯಿಗೆ ಬಾಣಂತಿಯ ಆರೈಕೆ ಮಾಡದೆ ವಿಧಿಯಿಲ್ಲ. ಮುದಕಪ್ಪ ಹೊತ್ತಿಗೆ ಸರಿಯಾಗಿ ಹಾಲು ಕಾಯಿಸಿದ, ತತ್ತಿ ಒಡೆದು ಹಾಕಿದ, ಮೆಟ್ಟಿಲು ಇಳಿಸುವಾಗ ಎತ್ತಿಕೊಂಡ.

ಮೂರನೆಯ ದಿನ ಮುಂಜಾನೆ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ನೀಲಗಂಗವ್ವ ನಳದ ನೀರಿನ ಕೊಡ ಸೊಂಟಕ್ಕೆ ಇಟ್ಟುಕೊಂಡು ಒಳಗೆ ಬಂದಳು. ಮುದಕಪ್ಪ ನಾಯಿಗೆ ಹಾಲು ಆರಿಸುತ್ತಿದ್ದ.

"ಪಟ್ಟಿ ಬಿಗಿ ಆಗೇತೇನು ನೋಡ್ರಿ. ಇಲ್ಲದ್ದಕ್ಕ ಎಲ್ಲೆರ ನೋವಾದೀತು!" ಎಂದಳು.

ಮುದಕಪ್ಪನ ಕೈಯಲ್ಲಿದ್ದ ಹಾಲು ಚೆಲ್ಲಿತು. "ನಿನಗ ಗೊತ್ತಿತ್ತೇನು?"

"ಎರಡ ವರ್ಷಾತು ಅದರ ಮೈ ತೊಳಿಯಾಕಿ ನಾನು. ನೀವು ತಳಿ ತಳಿ ಅಂತ ಕುಣಿಯೂದು ಚಂದ ಕಾಣತಿತ್ತು, ಸುಮ್ನಿದ್ದೆ." ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಂದ ಆದಾಗ ಮೂರನೇ ದಿನಕ್ಕ ಇದ ಕೊಡ ಹೊರಿಸಿದ್ರಿ. ಹೊಲಿಗಿ ಬಿಚ್ಚಿರಲಿಲ್ಲ. ಏನೂ ಆಗದ ನಾಯಿಗೆ ಮೂರ ದಿನದಿಂದ ಹಾಲು. ಹಾಕ್ರಿ, ಹಾಕ್ರಿ. ಆರತೈತಿ."

ಇಪ್ಪತ್ತು ವರ್ಷದಿಂದ ಮುದಕಪ್ಪನಿಗೆ ಅದು ನೆನಪೇ ಇರಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ಹಾಲಿನ ಬಟ್ಟಲು ಕೆಳಗಿಟ್ಟು, ಖಾಲಿ ಇದ್ದ ಇನ್ನೊಂದು ಕೊಡ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ನಳದ ಕಡೆ ಹೋದ. ಅವತ್ತಷ್ಟೇ ಅಲ್ಲ, ಮರುದಿನವೂ ಹೋದ. ಆಮೇಲೆ ದಿನಾಲೂ ಹೋಗತೊಡಗಿದ.

ಓಣಿಯ ಗಂಡಸೊಬ್ಬ ಕೊಡ ಹೊತ್ತು ನಡೆದರೆ ಅದಕ್ಕೆ ಏನಾದರೂ ಕಾರಣ ಇರಲೇಬೇಕು. ವಾರದೊಳಗೆ ಹನಮಪ್ಪ ನನ್ನ ಅಂಗಡಿಗೆ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ.

"ಸುಭಾಷಣ್ಣ, ಖರೆ ಹೇಳು. ಅವತ್ತ ಆಪರೇಷನ್ ಆಗಿದ್ದು ನಾಯಿಗೊಂದಕ್ಕ ಏನು?"

"ಛೇ ಛೇ, ನಾ ಏನೂ ಹೇಳಂಗಿಲ್ಲಪಾ" ಎಂದೆ. ಹೇಳುವುದೇನೂ ಇಲ್ಲ ಎನ್ನುವುದಕ್ಕೂ ಹೇಳಂಗಿಲ್ಲ ಎನ್ನುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ವ್ಯಾಕರಣ ಪಂಡಿತರು ವಿವರಿಸಲಿ. ಅವತ್ತು ಸಂಜೆಗೆ ಸುದ್ದಿ ಲಕ್ಷ್ಮೇಶ್ವರ ಮುಟ್ಟಿತ್ತು. ಮುದಕಪ್ಪ ಅದನ್ನು ಕೇಳಿಯೂ ಕೊಡ ಇಳಿಸಲಿಲ್ಲ, ಅದೊಂದು ಮೆಚ್ಚಬೇಕು. ನಾನು ಮಾತ್ರ ಮಿಷನ್ನಿಗೆ ಕಾಗದ ತುಂಬುತ್ತ ಒಬ್ಬನೇ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಇನ್ನೂ ನಗುತ್ತಲೇ ಇದ್ದಾಗ ಬಾಗಿಲಲ್ಲಿ ಹುಚ್ಚವ್ವ ನಿಂತಿದ್ದಳು. ಆಕೆಯ ಹಿಂದೆ ನೀಲಗಂಗವ್ವ, ತುಟಿಯ ಮೇಲೆ ಅದೇ ಶನಿವಾರದ ನಗೆ. ಹುಚ್ಚವ್ವನ ಒಂದು ಕೈಯಲ್ಲಿ ಕಂದು ಬಣ್ಣದ ಮರಿಯೊಂದು ಬಿಳಿ ತುದಿಯ ಬಾಲ ಅಲ್ಲಾಡಿಸುತ್ತಿತ್ತು. ಇನ್ನೊಂದು ಕೈಯಲ್ಲಿ ನಾನೇ ಟೈಪು ಮಾಡಿದ, ಇಪ್ಪತ್ತಮೂರು ಸಹಿಯ ಹಳೆಯ ಅರ್ಜಿ.

"ಸುಭಾಷಾ," ಅರ್ಜಿಯನ್ನು ಮೇಜಿನ ಮೇಲೆ ಹರಡಿದಳು ಹುಚ್ಚವ್ವ, "ಬರದಿದ್ದೆಲ್ಲಾ ಹಂಗ ಇರಲಿ, ಚಲೋ ಬರದೀ. ಜಯಧರ ಅಂತ ಇದ್ದಲ್ಲಿ ಭೀಮ್ಯಾ ಅಂತ ಅಷ್ಟ ತಿದ್ದಿ ಕೊಡು. ನಿನ್ನ ಸಹಿ ಹೆಂಗಿದ್ರೂ ಐತಿ."